ಕೆಂಪು ದೀಪಕ್ಕೆ ನಿಂತದ್ದು

ಇದನ್ನು ಕೇಳಿ ನಕ್ಕವರ ಜೊತೆ ನಾನು ಮಾತು ಬಿಟ್ಟಿದ್ದೇನೆ. ನೀವೂ ನಗುವವರಾದರೆ ಇಲ್ಲಿಗೇ ನಿಲ್ಲಿಸಿಬಿಡಿ. ಕಣ್ಣಾರೆ ಕಂಡದ್ದಕ್ಕೆ ಸಾಕ್ಷಿ ಹುಡುಕುವ ದರ್ದು ನನಗಿಲ್ಲ.

ಅಮೆರಿಕದವರು ಆಕಾಶಕ್ಕೆ ಹಾರಿಸಿದ್ದ ಸ್ಕೈಲ್ಯಾಬ್ ತಲೆ ಮೇಲೆ ಬೀಳುತ್ತದಂತೆ ಎಂದು ಊರೆಲ್ಲ ಬೆದರಿದ್ದ ವರ್ಷ ಅದು. ಹರಿಹರಕ್ಕೂ ದಾವಣಗೆರೆಗೂ ನಡುವೆ, ಗದ್ದೆಗಳ ಮಧ್ಯದ ಒಂದು ರೈಲ್ವೆ ಗೇಟಿನಲ್ಲಿ ನಾನು ಗೇಟ್‌ಮನ್. ಹಗಲು ನನ್ನದು, ರಾತ್ರಿ ಬಾಷಾನದು. ನನಗಿಂತ ಚಿಕ್ಕವನು, ಬಾಯಿಬಡುಕ, ಆದರೆ ಮನಸ್ಸು ಒಳ್ಳೆಯದು. ಅವನ ಹೆಂಡತಿ ಚೊಚ್ಚಲ ಬಸುರಿ, ದಾವಣಗೆರೆಯ ತವರಿನಲ್ಲಿದ್ದಳು. ದಿನ ತುಂಬಿತ್ತು.

ಕತ್ತಲಾಗುವ ಹೊತ್ತಿಗೆ ಒಮ್ಮೊಮ್ಮೆ ಹರಿಹರದ ಕಡೆಯಿಂದ ಒಂದು ಬೆಳಕು ಏರಿ ಬರುತ್ತಿತ್ತು. ಮಿನುಗುವುದಿಲ್ಲ, ಸದ್ದಿಲ್ಲ... ನಕ್ಷತ್ರಗಳ ನಡುವೆ ನೆಟ್ಟಗೆ ನಡೆದು ದಾವಣಗೆರೆಯ ಕಡೆ ಮಾಯವಾಗುತ್ತಿತ್ತು. ಆಕಾಶನೌಕೆ ಎಂದು ಪೇಪರಿನವರು ಬರೆದಿದ್ದರು. ಹಾದುಹೋಗುವ ಪ್ರತಿ ಗಾಡಿಗೂ ಕೈದೀಪದ ಹಸಿರು ಗಾಜು ತಿರುಗಿಸಿ ತೋರಿಸುವುದು ನಮ್ಮ ಕೆಲಸ. ಕೆಂಪು ತೋರಿಸಿದರೆ ಗಾಡಿ ನಿಲ್ಲಬೇಕು. ಬಾಷಾ ಆ ಬೆಳಕಿಗೂ ಹಸಿರು ತೋರಿಸುತ್ತಿದ್ದ.

"ನಮ್ ಗೇಟ್ ದಾಟೋದು ಅಂದ್ಮ್ಯಾಲೆ ಅದೂ ಗಾಡೀನೇ ಅಲ್ಲೇನ್ರಿ, ರುದ್ರಣ್ಣ?"

"ಡ್ರೈವರ್ ಸಲಾಂ ಹೊಡೆದ್ನೇನು ನೋಡು" ಎಂದು ನಾನು ರೇಗಿಸುತ್ತಿದ್ದೆ.

ಆ ಸಂಜೆ ಅವನ ಮುಖ ಬಾಡಿತ್ತು. ಹೆಂಡತಿಗೆ ನೋವು ಶುರುವಾಗಿದೆ ಎಂದ.

"ನೀನ್ ಹೋಗು, ರಾತ್ರಿ ನಾನೇ ಇರ್ತೀನಿ" ಎಂದೆ. ಅವನು ಹಚ್ಚಿದ ದೀಪವನ್ನು ನನ್ನ ಕೈಗೆ ಕೊಡುವಷ್ಟರಲ್ಲಿ ಬೆಳಕು ಎದ್ದಿತು. ಎಂದಿಗಿಂತ ದೊಡ್ಡದು.

"ಇವತ್ತೊಂದಿನ ಅವಳ ತಲಿ ಮ್ಯಾಲೆ ಹೋಗೋದು ಬ್ಯಾಡ ಇದು" ಎನ್ನುತ್ತ ಬಾಷಾ ಕೆಂಪು ಗಾಜು ತಿರುಗಿಸಿ ದೀಪ ಎತ್ತಿ ಹಿಡಿದ.

ಬೆಳಕು ನಿಂತಿತು. ಸರಿಯಾಗಿ ನಮ್ಮ ನೆತ್ತಿಯ ಮೇಲೆ...

ಗದ್ದೆಯ ಕಪ್ಪೆಗಳು ಒಮ್ಮೆಲೇ ಬಾಯಿ ಮುಚ್ಚಿದವು. ಬ್ರೇಕು ಒತ್ತಿದಾಗ ಗಾಲಿಯಿಂದ ಏಳುತ್ತದಲ್ಲ, ಕಾದ ಕಬ್ಬಿಣದ ಘಾಟು, ಅದು ಮೂಗಿಗೆ ಬಡಿಯಿತು. ಹಳಿಯ ಮೇಲೆ ಗಾಡಿಯೇ ಇರಲಿಲ್ಲ. ಮೇಲಿದ್ದದ್ದಕ್ಕೆ ಸಿಟ್ಟು ಬಂದಿತ್ತು. ಹೇಗೆ ಗೊತ್ತಾಯಿತು ಎಂದು ಕೇಳಬೇಡಿ, ಗೊತ್ತಾಯಿತು. ಬಾಷಾನ ರಟ್ಟೆ ಹಿಡಿದು ಜಗ್ಗಿದೆ.

"ಹಸಿರು ತೋರ್ಸೋ ಲೇ, ಹೋಗ್ಲಿ ಅದು!"

"ಹೋದ್ರೆ ಅವಳ ಕಡೀಗೇ ಹೋಗ್ತೈತ್ರಿ. ಇಲ್ಲೇ ನಿಂತಿರ್ಲಿ. ಬೆಳತನಕ ಹಿಂಗೇ ಹಿಡ್ಕೊಂಡಿರ್ತೀನಿ."

ಆಗ ಹರಿಹರದ ಕಡೆಯಿಂದ ಎಂಜಿನ್ನಿನ ಕೂಗು ಕೇಳಿಸಿತು. ಪ್ಯಾಸೆಂಜರ್ ಗಾಡಿ. ಅದಕ್ಕೆ ಹಸಿರು ತೋರಿಸಲೇಬೇಕು. ತೋರಿಸಿದರೆ ಮೇಲಿರುವುದಕ್ಕೂ ಕಾಣುತ್ತದೆ... ಬಾಷಾ ನನ್ನ ಮುಖ ನೋಡಿದ. ಗಾಡಿ ಹತ್ತಿರವಾಯಿತು. "ಯಾ ಅಲ್ಲಾ" ಎಂದು ಅವನು ದೀಪವನ್ನು ಎದೆಗವಚಿ, ಆಕಾಶಕ್ಕೆ ಬೆನ್ನು ಕೊಟ್ಟು ಬಗ್ಗಿ, ಹಸಿರು ತಿರುಗಿಸಿದ.

ಗಾಡಿ ದಾಟಿತು. ಕೊನೆಯ ಡಬ್ಬಿಯ ಹಿಂದೆಯೇ ಅದೂ ಹೊರಟಿತು, ದಾವಣಗೆರೆಯ ಕಡೆಗೆ. ಬಾಷಾ ದೀಪ ಸಮೇತ ಸೈಕಲ್ ಹತ್ತಿದ. ಗೇಟಿನ ಕೋಣೆಯಲ್ಲಿದ್ದ ಇನ್ನೊಂದು ದೀಪ ಹಚ್ಚಿಕೊಂಡು ನಾನೊಬ್ಬನೇ ಬೆಳಗು ಮಾಡಿದೆ.

ಬೆಳಿಗ್ಗೆ ಬಂದ. "ಹೆಣ್ಣು ಮಗು ರುದ್ರಣ್ಣ. ಇಬ್ರೂ ಆರಾಮ್ ಅದಾರೆ."

ನನಗೆ ಹೋದ ಜೀವ ಬಂದಂತಾಯಿತು. ಆದರೆ ಅವನು ನಗಲಿಲ್ಲ.

"ನಮ್ಮತ್ತಿ ಮನಿ ಮ್ಯಾಲೆ ಬಂದು ನಿಂತೈತ್ರಿ. ರಾತ್ರಿಯೆಲ್ಲ ಮಾಳಿಗಿ ಮ್ಯಾಲೆ ಹಸಿರು ಹಿಡಿದೆ. ಹೋಗಲೊಲ್ದು."

ಸುಳ್ಳಾಗಲಪ್ಪ ಎಂದುಕೊಂಡೇ ಅಂದು ಸಂಜೆ ಅಲ್ಲಿಗೆ ಹೋದೆ. ಹೊತ್ತು ಕಳೆದಂತೆ ಉಳಿದ ಚುಕ್ಕಿಗಳೆಲ್ಲ ಪಡುವಣಕ್ಕೆ ಜಾರಿದವು. ಅದೊಂದು ಮಾತ್ರ ಮಾಳಿಗೆಯ ನೆತ್ತಿಯ ಮೇಲೆ, ಮಿನುಗದೆ, ಕದಲದೆ... ಒಳಗೆ ಕೂಸು ಒಂದೇ ಸಮನೆ ಅಳುತ್ತಿತ್ತು.

ಬಾಣಂತನ ಮುಗಿಯುವ ಮೊದಲೇ ಬಾಷಾ ಹೆಂಡತಿ ಮಗುವನ್ನು ಹರಿಹರದ ತನ್ನ ಮನೆಗೆ ಕರೆದೊಯ್ದ. ಆ ರಾತ್ರಿ ನಾನು ದಾವಣಗೆರೆಗೆ ಹೋಗಿ ನೋಡಿದರೆ ಮಾಳಿಗೆಯ ಮೇಲೆ ಏನೂ ಇರಲಿಲ್ಲ. "ಪೀಡೆ ತೊಲಗ್ತು ನೋಡಪ್ಪ" ಎಂದಳು ಅವನ ಅತ್ತೆ. ಹರಿಹರದ ದಿಕ್ಕಿಗೆ ತಿರುಗಿ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಬಾಷಾ ಮತ್ತೆಂದೂ ಆ ಮಾತೆತ್ತಲಿಲ್ಲ, ನಾನೂ ಕೆದಕಲಿಲ್ಲ.

ವರ್ಷಗಳ ಮೇಲೆ ಆ ಮಗಳ ಮದುವೆಗೆ ಕರೆದ. ಹರಿಹರಕ್ಕೆ ಹೋದೆ, ಉಂಡೆ, ಹೊತ್ತು ಇಳಿಯುತ್ತಿದ್ದಂತೆ, ಚುಕ್ಕಿ ಮೂಡುವ ಮೊದಲೇ ಚಪ್ಪಲಿ ಮೆಟ್ಟಿದೆ.

"ಇಷ್ಟ್ ಲಗು ಯಾಕ್ ಹೊಂಟ್ರಿ?" ಎಂದು ಅಲ್ಲಿದ್ದವರೆಲ್ಲ ಕೇಳಿದರು.

ಬಾಷಾ ಕೇಳಲಿಲ್ಲ.