ಬಸ್ಸು ನಿಲ್ಲುವ ಬಯಲಿನಿಂದ ಕಂಡ ನಾಡು

ನಾನು ಸಾಲಿ ಬಿಟ್ಟದ್ದು 1991ರಲ್ಲಿ, ಏಳನೆಯ ಇಯತ್ತೆಯ ನಡುವೆ. ಯಾರೂ ಬಿಡಿಸಲಿಲ್ಲ. ಮನೆಯಲ್ಲಿ ಉಣ್ಣುವ ಬಾಯಿ ಹೆಚ್ಚು, ದುಡಿಯುವ ಕೈ ಕಡಿಮೆ ಎಂಬುದು ನನಗೇ ತಿಳಿಯುತ್ತಿತ್ತು. ಪಾಟಿಚೀಲವನ್ನು ಗೂಟಕ್ಕೆ ಹಾಕಿ, ಸಿಂದಗಿ ಬಸ್ ನಿಲ್ದಾಣದ ಎದುರಿಗಿದ್ದ ಒಂದು ಖಾನಾವಳಿಯಲ್ಲಿ ಕೆಲಸಕ್ಕೆ ನಿಂತೆ. ಭೂಗೋಳದ ಪುಸ್ತಕ ಅರ್ಧ ಆಗಿತ್ತು. ಉಳಿದ ಅರ್ಧವನ್ನು ಮುಂದೆ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಮುಗಿಸಿದೆ ಎಂದರೆ ಸುಳ್ಳಲ್ಲ.

ಖಾನಾವಳಿಯ ಮಾಲಕರ ಬಾಯಿ ಬಿರುಸು, ಕೈ ಉದಾರ. ತಾಟು ತೊಳೆಯಲು ಸೇರಿದವನನ್ನು ಒಲೆಯ ಮುಂದೆ ನಿಲ್ಲಿಸಿದವರು ಅವರೇ. ಮುಚ್ಚಳ ತೆಗೆಯದೆ, ಕುದಿಯುವ ಸದ್ದು ಕೇಳಿಯೇ ಬೇಳೆ ಬೆಂದಿತೋ ಇಲ್ಲವೋ ಹೇಳುವುದನ್ನು ಅವರಿಂದ ಕಲಿತೆ. ಈಗ ಅವರಿಲ್ಲ. ಇವತ್ತಿಗೂ ದೊಡ್ಡ ಡಬರಿಗೆ ಬೇಳೆ ಸುರಿಯುವಾಗ ಅವರ ನೆನಪು ಬಂದೇ ಬರುತ್ತದೆ.

ಆಮೇಲೆ ನಾನು ಟೂರ್ ಬಸ್ಸಿನ ಅಡಿಗೆಯವನಾದೆ. ನಮ್ಮ ಕಡೆ ತೊಗರಿಯ ರಾಶಿ ಮುಗಿದು, ಬಿಳಿಜೋಳ ಇನ್ನೂ ಹೊಲದಲ್ಲಿ ನಿಂತಿರುವಾಗ ಕೈಗೆ ಸ್ವಲ್ಪ ಬಿಡುವು ಸಿಗುತ್ತದೆ. ಆಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಯವರು ಕೂಡಿಕೊಂಡು ಒಂದು ಬಸ್ಸು ಗೊತ್ತು ಮಾಡಿ ನಾಡು ನೋಡಲು ಹೊರಡುತ್ತಾರೆ. ಹಂಪಿ, ಜೋಗ, ಬೇಲೂರು, ಮೈಸೂರು, ಕೆಲವೊಮ್ಮೆ ಊಟಿ, ದಿನ ಹೆಚ್ಚಿದ್ದರೆ ಕನ್ಯಾಕುಮಾರಿ. ಹೋಟೆಲ್ಲಿನ ಊಟ ನಮ್ಮ ಮಂದಿಗೆ ಒಂದು ಹೊತ್ತು ಚಂದ, ಎರಡನೆಯ ಹೊತ್ತಿಗೆ ಬೇಸರ. ಅದಕ್ಕೇ ಬಸ್ಸಿನ ಜೊತೆ ಅಡಿಗೆಯವನೂ ಹೋಗಬೇಕು. ಸಿಂದಗಿ ಬಜಾರದ ತೊಗರಿಬೇಳೆಯೂ ಹೋಗಬೇಕು.

ಅಕ್ಕಿ, ಬೇಳೆ, ಭಟ್ಟಿ, ಸಿಲಿಂಡರು ನನ್ನ ಕಡೆಯಿಂದ. ರೊಟ್ಟಿ ಮಾತ್ರ ಅವರವರ ಮನೆಯಿಂದ. ಪ್ರತಿ ಮನೆಯವರೂ ಒಂದೊಂದು ಗಂಟು ಕಟಕ ರೊಟ್ಟಿ ತರುತ್ತಾರೆ. ವಾರಗಟ್ಟಲೆ ಕೆಡದ ಆ ರೊಟ್ಟಿಯ ಗಂಟುಗಳನ್ನೆಲ್ಲ ಹೊರಡುವ ಮುಂಚೆ ಬಿಚ್ಚಿ, ಒಂದೇ ದೊಡ್ಡ ಟ್ರಂಕಿಗೆ ಜೋಡಿಸುತ್ತೇವೆ. ಒಮ್ಮೆ ಕೂಡಿದವೆಂದರೆ ಯಾರ ತಾಟಿಗೆ ಯಾರ ಮನೆಯ ರೊಟ್ಟಿ ಬಂತೆಂದು ಹೇಳಲು ಬರುವುದಿಲ್ಲ. ಹೆಂಗಸರು ಮಾತ್ರ ಮುರಿಯುವ ಸದ್ದಿನಲ್ಲೇ ಗುರುತು ಹಿಡಿಯುತ್ತೇವೆಂದು ಪಣ ಕಟ್ಟಿ ಸೋಲುತ್ತಾರೆ. ಇಂಡಿಯವರು ಲಿಂಬೆಹಣ್ಣಿನ ಚೀಲ ತಂದಿರುತ್ತಾರೆ. ಕೊಲ್ಹಾರದವರು ಬಂದರೆ ಮೊದಲ ದಿನ ಗಡಿಗೆ ಮೊಸರು ಇರುತ್ತದೆ, ಎರಡನೆಯ ದಿನದಿಂದ ಬೇರೆ ಊರಿನ ಮೊಸರಿಗೆ ಬೈಗುಳ ಶುರು.

ಹೀಗೆ ವರ್ಷ ವರ್ಷ ತಿರುಗಿದೆ. ಆದರೆ ನಾನು ಏನು ನೋಡಿದೆ ಎಂದು ಕೇಳಿದರೆ ಹೇಳುವುದು ಕಷ್ಟ. ಬಸ್ಸು ನಿಂತ ಕೂಡಲೆ ಎಲ್ಲರೂ ಇಳಿದು ನೋಡಲು ಹೋಗುವರು. ನಾನು ಬಸ್ಸು ನಿಲ್ಲುವ ಬಯಲಿನಲ್ಲಿ ಗಾಳಿಗೆ ಮರೆ ಹುಡುಕಿ ಭಟ್ಟಿ ಹೊತ್ತಿಸುವೆ. ಅವರು ಬರುವಷ್ಟರಲ್ಲಿ ಅನ್ನ, ಸಾರು, ಪಲ್ಯ ಆಗಬೇಕು; ಅವರು ಉಂಡ ಮೇಲೆ ಭಾಂಡೆ ತೊಳೆದು ಕಟ್ಟಬೇಕು; ಅಷ್ಟಾಗುವಾಗ ಬಸ್ಸು ಹೊರಡುತ್ತದೆ. ಹಂಪಿ ನನಗೆ ಬಿಸಿಲಿಗೆ ಕಾದ ಬಂಡೆ ಮತ್ತು ಉಳ್ಳಾಗಡ್ಡಿ ಕದಿಯುವ ಮಂಗ. ಊಟಿ ಎಂದರೆ ಎಷ್ಟು ಕುದಿದರೂ ಬೇಳೆ ಬೇಯಿಸದ ನೀರು. ಯಾವ ಊರಿನ ನೀರಿಗೆ ಬೇಳೆ ಬೇಗ ಬೇಯುತ್ತದೆ, ಯಾವ ಊರಿನಲ್ಲಿ ಗಾಳಿ ಭಟ್ಟಿ ಆರಿಸುತ್ತದೆ, ಇದು ಗೊತ್ತು. ಅರಮನೆ ಎಷ್ಟು ದೊಡ್ಡದು ಎಂಬುದು ಬೇರೆಯವರ ಬಾಯಿಂದ ಕೇಳಿ ಗೊತ್ತು.

ಆ ಬಾಯಿಗಳೂ ನಮ್ಮವರ ಬಾಯಿಗಳೇ. ಎಂಥ ಗುಮ್ಮಟ ನೋಡಿ ಬಂದರೂ ನಮ್ಮ ಗೋಳಗುಮ್ಮಟದ ಮುಂದೆ ಏನೂ ಅಲ್ಲ ಎನ್ನುವರು. ಜೋಗಕ್ಕೆ ನಾವು ಹೋಗುವುದು ನೀರು ಇಳಿದ ಮೇಲೆ. ಒಮ್ಮೆ ಬಾಗೇವಾಡಿ ಕಡೆಯ ಹಿರಿಯರೊಬ್ಬರು ಅಲ್ಲಿಂದ ತಿರುಗಿ ಬಂದು, ಆಲಮಟ್ಟಿಯ ಒಂದು ಗೇಟು ಎತ್ತಿದರೆ ಇದರ ಅಪ್ಪನಂಥ ನೀರು ಬರುತ್ತದೆ ಎಂದು ಹೇಳಿ ತಾಟು ಹಿಡಿದು ಕುಳಿತರು.

ನನಗೆ ಕೊರಗಿತ್ತು ಎಂದು ತಿಳಿಯಬೇಡಿ. ನನ್ನ ಬಸ್ಸಿನಲ್ಲಿ ಮಧ್ಯಾಹ್ನ ಯಾರೂ ತಣ್ಣಗಿನ ಊಟ ಉಂಡಿರಲಿಲ್ಲ. ಮಳೆ ಬಂದರೂ, ಟಾಯರು ಒಡೆದರೂ ಹಬೆಯಾಡುವ ಅನ್ನ ಬಡಿಸಿದ್ದೇನೆ. ಮಂದಿ ಬಸ್ಸು ಗೊತ್ತು ಮಾಡುವಾಗ ಮೊದಲು ನನ್ನನ್ನು ಕೇಳುತ್ತಿದ್ದರು, ಆಮೇಲೆ ಬಸ್ಸಿನ ಸೀಟು ಮೆತ್ತಗಿದೆಯೇ ಎಂದು ಕೇಳುತ್ತಿದ್ದರು. ಆ ಹೆಸರು ಉಳಿಸಿಕೊಳ್ಳುವುದೇ ನನ್ನ ಪ್ರವಾಸವಾಗಿತ್ತು. ಮತ್ತೆ ಆ ಬಯಲುಗಳಲ್ಲಿ ಎಷ್ಟೊಂದು ಮಂದಿ ನನ್ನ ಕೈ ಹಿಡಿದರು! ಬೇಲೂರಿನಲ್ಲಿ ಚಪ್ಪಲಿ ಕಾಯುವ ಅಜ್ಜ ತನ್ನ ಪಾಲಿನ ನೀರಿನ ಕೊಡ ಕೊಟ್ಟಿದ್ದ. ಸಮುದ್ರದ ಊರಿನಲ್ಲಿ ಒಬ್ಬ ಎಳನೀರಿನವಳು, ನನ್ನ ಭಾಷೆ ಅವಳಿಗೆ ಅರ್ಧ ತಿಳಿಯದಿದ್ದರೂ, ಗಾಳಿಗೆ ಮರೆಯಾಗಲೆಂದು ತನ್ನ ಗಾಡಿಯನ್ನೇ ನನ್ನ ಭಟ್ಟಿಗೆ ಅಡ್ಡ ನಿಲ್ಲಿಸಿದ್ದಳು. ಅವರ ಹೆಸರು ಕೇಳಲಿಲ್ಲ. ಊಟ ಮಾತ್ರ ಬಡಿಸಿ ಬಂದಿದ್ದೇನೆ.

ಊರಿಗೆ ಬಂದಾಗಲೆಲ್ಲ ನನ್ನ ಹೆಂಡತಿ, ಈ ಸಲ ಏನು ನೋಡಿದಿರಿ ಎಂದು ಕೇಳುವಳು. ಅಲ್ಲಿ ನೀರು ಚಲೋ ಇತ್ತು, ಬೇಳೆ ಬೇಗ ಬೆಂದಿತು ಎಂದು ನಾನು ಹೇಳುವೆ. ಅವಳು ತನ್ನ ಕೆಲಸಕ್ಕೆ ಏಳುವಳು. ಅವಳದೂ ಒಲೆಯ ಕೆಲಸವೇ. ಮದುವೆಗೆ, ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಾಳೆ. ಅವಳನ್ನು ಟೂರಿಗೆ ಕರೆದುಕೊಂಡು ಹೋಗಬೇಕೆಂದು ನನಗೆ ಅನಿಸಿದ್ದುಂಟು. ಆದರೆ ಬಸ್ಸಿನ ಮಾಲಕರ ಹತ್ತಿರ ಪುಕ್ಕಟೆ ಸೀಟು ಕೇಳುವ ಜಾತಿಯವನಲ್ಲ ನಾನು.

ಕೆಲವು ವರ್ಷದ ಹಿಂದೆ ಮುದ್ದೇಬಿಹಾಳ ಕಡೆಯ ಹೆಂಗಸರೇ ಹೆಚ್ಚಿದ್ದ ಒಂದು ಬಸ್ಸು ಹೊರಟಿತ್ತು. ನಾನು ಡಬರಿ ಕಟ್ಟುತ್ತಿದ್ದೆ. ರೊಟ್ಟಿ ಗಂಟು ಹಿಡಿದು ನಿಂತವರ ಸಾಲಿನಲ್ಲಿ ನನ್ನ ಹೆಂಡತಿ ನಿಂತಿದ್ದಳು, ಹೊಸ ಇಳಕಲ್ ಸೀರೆ ಉಟ್ಟು. ಮನೆಯಲ್ಲಿ ಏನಾದರೂ ಆಯಿತೇನೋ ಎಂದು ಡಬರಿ ಬಿಟ್ಟು ಓಡಿದೆ.

"ಇಲ್ಲ್ಯಾಕ ಬಂದಿ?" ಎಂದೆ.

"ಟೂರಿಗ್ ಬಂದೇನಿ. ನನ್ನ ರೊಟ್ಟಿ ದುಡಿತದಾಗ ಸೀಟ ತಗೊಂಡೇನಿ."

"ನನಗ ಒಂದ ಮಾತ ಹೇಳಬಾರದೇನು?"

"ನಿಮಗ್ಯಾಕ ಹೇಳ್ಲಿ? ನೀವೇನ ನೋಡಾಕ ಬರ್ತೀರಿ? ಈ ಸಲ ನಾ ನೋಡಿ ಬಂದು ನಿಮಗ ಹೇಳ್ತೇನಿ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ಅವಳ ಗಂಟು ಬಿಚ್ಚಿ ಟ್ರಂಕಿಗೆ ಹಾಕಿದೆ. ಅವಳ ರೊಟ್ಟಿಯೂ ಉಳಿದವರ ರೊಟ್ಟಿಯಲ್ಲಿ ಕೂಡಿಹೋಯಿತು.

ಹೇಳಿದಂತೆ ಮಾಡಿದಳು. ಪ್ರತಿ ಸ್ಥಳದಲ್ಲೂ ಎಲ್ಲರಿಗಿಂತ ಮುಂಚೆ ತಿರುಗಿ ಬಂದು ನನ್ನ ಪಕ್ಕ ಕುಳಿತು, ಉಳ್ಳಾಗಡ್ಡಿ ಹೆಚ್ಚಿಕೊಡುತ್ತ ಹೇಳುವಳು. ಕಲ್ಲಿನ ರಥದ ಗಾಲಿ ಹೇಗಿತ್ತು, ಕನ್ನಡಿ ಹಿಡಿದ ಕಲ್ಲಿನ ಹೆಣ್ಣಿನ ಬೆರಳಿಗೆ ಉಂಗುರ ಹೇಗೆ ಕೊರೆದಿದ್ದಾರೆ, ಎಲ್ಲ. ಹೇಳುತ್ತ ಹೇಳುತ್ತ ನಡುವೆ ನಿಲ್ಲುವಳು. ಸರಿಯಾದ ಮಾತು ಸಿಗುತ್ತಿರಲಿಲ್ಲ. ನಾನು ಹ್ಞೂಂಗುಟ್ಟುತ್ತಿದ್ದೆ, ಗಮನ ಸಾರಿನ ಕಡೆ.

ಶ್ರವಣಬೆಳಗೊಳಕ್ಕೆ ಮುಂಜಾನೆ ಮುಟ್ಟಿದೆವು. ಬೆಟ್ಟ ಹತ್ತಬೇಕು, ಅದೂ ಬರಿಗಾಲಲ್ಲಿ. ಬಂಡೆ ಕಾಯುವ ಮುಂಚೆ ಹೋಗಿ ಬರಬೇಕು. ಎಲ್ಲರೂ ಇಳಿದರು. ನನ್ನ ಹೆಂಡತಿ ಸೀಟು ಬಿಟ್ಟು ಏಳಲಿಲ್ಲ. ಮೈಗೆ ಹುಷಾರಿಲ್ಲವೇ ಎಂದು ಕೇಳಿದೆ.

"ಹುಷಾರ ಅದೇನಿ. ನೀವ್ ಬಂದ್ರ ಬರ್ತೇನಿ, ಇಲ್ಲಾಂದ್ರ ಇಲ್ಲೇ ಕುಂಡ್ರತೇನಿ."

ಅಡಿಗೆ ಯಾರು ಮಾಡಬೇಕು ಎಂದೆ. ಅವಳು ಕಿಟಕಿಯ ಹೊರಗೆ ಬೆಟ್ಟವನ್ನೇ ನೋಡುತ್ತ ಮೆಲ್ಲಗೆ ಹೇಳಿದಳು: "ನೋಡಿದ್ದು ಹೇಳಾಕ ಬರಂಗಿಲ್ರೀ. ನಾ ಎಷ್ಟ ಹೇಳಿದ್ರೂ ಅದು ನಿಮಗ ಮುಟ್ಟವಲ್ದು. ನನಗ ಸಾಕಾಗೇತಿ."

ಹೋದರೆ ಮಧ್ಯಾಹ್ನದ ಬಿಸಿ ಊಟ ಇಲ್ಲ. ಇಷ್ಟು ವರ್ಷ ಕಾಯ್ದುಕೊಂಡ ಹೆಸರು ಒಂದು ಹೊತ್ತಿಗೆ ಹೋಗುತ್ತದೆ. ಹೋಗದಿದ್ದರೆ ಅವಳು, ಸ್ವಂತ ದುಡಿಮೆಯಲ್ಲಿ ಸೀಟು ಹಿಡಿದು ಇಷ್ಟು ದೂರ ಬಂದವಳು, ಬೆಟ್ಟದ ಬುಡದಲ್ಲಿ ಕುಳಿತು ತಿರುಗಿ ಹೋಗುತ್ತಾಳೆ. ಕೆಳಗೆ ಇಳಿದವರಿಗೆಲ್ಲ ಸುದ್ದಿ ಮುಟ್ಟಿತು. ಕೆಲವು ಹೆಂಗಸರು ತಾವೇ ಅಡಿಗೆ ಮಾಡುತ್ತೇವೆಂದು ಮುಂದೆ ಬಂದರು. ನನ್ನ ಭಟ್ಟಿಗೆ ಬೇರೆಯವರ ಕೈ ಹಚ್ಚಗೊಡುವುದಿಲ್ಲ ಎಂದು ನಾನು ಖಡಕ್ಕಾಗಿ ಹೇಳಿದೆ. ನೋಡಲು ಬಂದವರನ್ನು ಒಲೆ ಮುಂದೆ ಕೂರಿಸಿ ನಾನು ನೋಡಲು ಹೋಗುವುದು ಯಾವ ನ್ಯಾಯ?

ಆಗ ಮುದ್ದೇಬಿಹಾಳದ ಒಬ್ಬ ಆಯಿ ಮಾತು ತೆಗೆದಳು. ಬಸ್ಸಿನಲ್ಲಿ ಎಲ್ಲರಿಗಿಂತ ಹಿರಿಯಳು, ಎಲ್ಲರಿಗಿಂತ ದೊಡ್ಡ ಗಂಟಲಿನವಳು. ಟ್ರಂಕು ತುಂಬ ರೊಟ್ಟಿ ಇದೆ, ನಂಚಿಕೊಳ್ಳಲು ಶೇಂಗಾ ಹಿಂಡಿ ಇದೆ, ಇವತ್ತು ಅದನ್ನೇ ಉಣ್ಣೋಣ ಎಂದಳು. ಇಂಡಿಯ ಲಿಂಬೆಹಣ್ಣಿನ ವ್ಯಾಪಾರಿಯೊಬ್ಬರಿಗೆ ಅದು ಒಪ್ಪಿಗೆಯಾಗಲಿಲ್ಲ. ಬಿಸಿ ಊಟ ಸಿಗುತ್ತದೆ ಅಂದದ್ದಕ್ಕೇ ಈ ಬಸ್ಸಿಗೆ ಬಂದದ್ದು, ಮಾತು ಅಂದರೆ ಮಾತು ಎಂದರು. ಅವರ ಮಾತು ತಪ್ಪಲ್ಲ. ನನ್ನ ಮನಸ್ಸಿನಲ್ಲಿದ್ದುದೂ ಅದೇ.

ಆಯಿ ಅವರ ಕಡೆ ತಿರುಗಿದಳು. "ಅಲ್ಲೋ ತಮ್ಮಾ, ಮನ್ಯಾಗ ದಿನಾ ಮಧ್ಯಾಹ್ನ ನಿನ್ನ ಹೆಂಡ್ತಿ ಬಿಸೀದ ಹಾಕ್ತಾಳೇನು?"

ವ್ಯಾಪಾರಿಯ ಹೆಂಡತಿ ಅಲ್ಲೇ ನಿಂತಿದ್ದಳು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎಲ್ಲರ ಜೊತೆ ವ್ಯಾಪಾರಿಯೂ ನಕ್ಕುಬಿಟ್ಟರು. ಆಮೇಲೆ ಆಯಿ ನನಗೆ ಹೇಳಿದಳು, ಈ ಸಲ ದನಿ ಇಳಿಸಿ:

"ನಾವು ಹೊಲದಾಗ ಬುತ್ತಿ ಬಿಚ್ಚಿ ಉಣ್ಣೋ ಮಂದೀಪಾ. ತಣ್ಣಂದ ಉಂಡ್ರ ನಿನ್ನ ಹೆಸರೇನ ಹೋಗೂದಿಲ್ಲ. ಆಕಿ ಇಳೀಲಿಲ್ಲಂದ್ರ ಹೋಗ್ತೈತಿ. ನಡಿ."

ಭಟ್ಟಿಯನ್ನು ಗೋಣಿಚೀಲದಿಂದ ಮುಚ್ಚಿದೆ. ಡ್ರೈವರು ತಾನು ಹಿಂದೆಯೇ ಹತ್ತಿ ಬಂದವನೆಂದು ಹೇಳಿ, ಸಾಮಾನು ಕಾಯಲು ಉಳಿದ. ನನ್ನ ಹೆಂಡತಿ ಇಳಿದು ಮುಂದೆ ನಡೆದಳು. ಬುಡದಲ್ಲಿ ಕಾಲುಚೀಲ ಮಾರುತ್ತಿದ್ದರು, ಇಳಿಯುವಾಗ ಬಂಡೆ ಸುಡುತ್ತದೆಂದು. ದಿನಾ ಬೆಂಕಿಯ ಮುಂದೆ ನಿಲ್ಲುವವನಿಗೆ ಕಾಲುಚೀಲ ಯಾತಕ್ಕೆ ಎಂದು ನಾನು ಕೊಳ್ಳಲಿಲ್ಲ. ಅವಳು ಎರಡು ಜೊತೆ ಕೊಂಡು ಒಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇಳಿಯುವಾಗ ನಾನು ಅದನ್ನು ಕೇಳಿ ಪಡೆದು ಹಾಕಿಕೊಳ್ಳಬೇಕಾಯಿತು.

ಮೆಟ್ಟಿಲು ಬಂಡೆಯಲ್ಲೇ ಕೊರೆದಂಥವು. ನಿಂತು ದುಡಿದ ಮೊಣಕಾಲು ಹತ್ತಲು ಒಪ್ಪುತ್ತಿರಲಿಲ್ಲ. ಆಯಿ ನನಗಿಂತ ಮುಂದೆ ಹೋದಳು. ಮೇಲೆ ಒಳಗೆ ಹೋಗಿ ತಲೆ ಎತ್ತಿದೆ. ಎತ್ತಿದ ತಲೆ ಇಳಿಸಲು ಆಗಲಿಲ್ಲ. ಅಷ್ಟು ದೊಡ್ಡ ಮೈ, ಅಷ್ಟು ಸಮಾಧಾನದ ಮುಖ. ಏನೇನೋ ಅನಿಸಿತು, ಬರೆಯಲು ಬರುವುದಿಲ್ಲ, ನನ್ನ ಹೆಂಡತಿ ಹೇಳಿದ್ದೇ ನಿಜ. ಒಂದು ಮಾತ್ರ ಹೇಳಬಲ್ಲೆ. ಈ ಕಲ್ಲನ್ನು ಕಡೆದವರಿಗೆ ಅಷ್ಟು ಕಾಲ ಕೆಳಗೆ ಯಾರೋ ಒಬ್ಬ ಅಡಿಗೆ ಮಾಡಿ ಹಾಕಿರಬೇಕು. ಕೆಲಸ ಮುಗಿದ ಮೇಲೆ ಅವನನ್ನೂ ಯಾರಾದರೂ ಮೇಲೆ ಕರೆತಂದು ತೋರಿಸಿದರೋ ಇಲ್ಲವೋ. ತೋರಿಸಿರಲಿ ಎಂದು ಕೈ ಮುಗಿದೆ.

ಹೊರಗೆ ಬಂಡೆಯ ಅಂಚಿನಲ್ಲಿ ಹೆಂಡತಿ ನನ್ನ ತೋಳು ಹಿಡಿದು ನಿಲ್ಲಿಸಿದಳು. ಕೆಳಗೆ ಊರು, ಊರಿನ ನಡುವೆ ಕೊಳ, ಎದುರಿಗೆ ಇನ್ನೊಂದು ಬೆಟ್ಟ, ಕಣ್ಣು ಮುಟ್ಟುವವರೆಗೆ ತೆಂಗು. ಅವಳು ಬೆರಳು ಮಾಡಿ ತೋರಿಸಿದ್ದು ಅದ್ಯಾವುದನ್ನೂ ಅಲ್ಲ.

"ಅಲ್ನೋಡ್ರಿ. ನೀವು ವರ್ಷಾ ಬಂದು ಕುಂಡ್ರೂ ಜಾಗಾ."

ಬಯಲಿನಲ್ಲಿ ಬೆಂಕಿಪೆಟ್ಟಿಗೆಯಂತೆ ಬಸ್ಸುಗಳು. ಒಂದರ ಪಕ್ಕದಿಂದ ಹೊಗೆ ಏಳುತ್ತಿತ್ತು. ಬೇರೆ ಊರಿನ ಯಾವನೋ ನನ್ನಂಥವನು ಒಗ್ಗರಣೆ ಹಾಕುತ್ತಿದ್ದ. ನನ್ನ ಬಸ್ಸಿನ ಹತ್ತಿರ ಹೊಗೆ ಇರಲಿಲ್ಲ. ಎಷ್ಟೋ ಸಲ ಬಂದ ಊರು ಅದು. ಆ ಬಯಲು ಅಷ್ಟು ಸಣ್ಣದು ಎಂದು ನನಗೆ ಗೊತ್ತೇ ಇರಲಿಲ್ಲ. ನಾವಿಬ್ಬರೂ ಅಲ್ಲಿ ಬಹಳ ಹೊತ್ತು ನಿಂತೆವು. ಏನು ನೋಡಿದಿರಿ ಎಂದು ಅವಳು ಕೇಳಲಿಲ್ಲ.

ಮಧ್ಯಾಹ್ನ ಬಸ್ಸಿನ ನೆರಳಿನಲ್ಲಿ ಎಲ್ಲರೂ ಗುಂಡಾಗಿ ಕುಳಿತರು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುದ್ದಿ ಒಡೆದ ಉಳ್ಳಾಗಡ್ಡಿ, ಇಂಡಿಯ ಲಿಂಬೆ, ಅಂಗಡಿಯಿಂದ ತಂದ ಮೊಸರು. ಆಯಿ ನನ್ನನ್ನೂ ಪಂಕ್ತಿಯಲ್ಲಿ ಕೂರಿಸಿದಳು. ಟೂರಿನಲ್ಲಿ ಎಲ್ಲರ ಜೊತೆ ಕುಳಿತು ಉಂಡದ್ದು ಅದೇ ಮೊದಲು. ವ್ಯಾಪಾರಿ ಎರಡು ಸಲ ಕೇಳಿ ರೊಟ್ಟಿ ಹಾಕಿಸಿಕೊಂಡರು. ನನ್ನ ತಾಟಿಗೆ ಬಂದ ರೊಟ್ಟಿ ಯಾರ ಕೈಯದೋ. ನನ್ನ ಹೆಂಡತಿಯದೇ ಎಂದು ನಾನು ಪಣ ಕಟ್ಟಿದೆ. ಸೋತೆ. ಕೊಲ್ಹಾರದ ಕಡೆಯವಳೊಬ್ಬಳು ಅದು ತನ್ನದು ಎಂದು ಅಂಚಿನ ಸುಟ್ಟ ಗುರುತು ತೋರಿಸಿದಳು.

ಬಸ್ಸಿನ ಮಾಲಕರು ಬೈಯುತ್ತಾರೆಂದುಕೊಂಡಿದ್ದೆ. ಮುಂದಿನ ವರ್ಷ ಬಸ್ಸು ಗೊತ್ತು ಮಾಡಲು ಬಂದವರು ಬುತ್ತಿಯ ದಿನ ಯಾವುದು ಎಂದು ಅವರನ್ನೇ ಕೇಳಿದರಂತೆ. ಈಗ ಪ್ರತಿ ಟೂರಿನಲ್ಲಿ ಒಂದು ಮಧ್ಯಾಹ್ನ ಭಟ್ಟಿ ಹೊತ್ತುವುದಿಲ್ಲ. ಯಾವ ಸ್ಥಳ ಎಂಬುದನ್ನು ನಾನೇ ಆರಿಸಬೇಕು, ಅದು ಮಂದಿಯೇ ಮಾಡಿದ ಕಾಯಿದೆ. ಉಳಿದ ದಿನ ಬಿಸಿ ಊಟ ತಪ್ಪುವುದಿಲ್ಲ. ವರ್ಷಕ್ಕೊಂದು ಟೂರಿಗೆ ನನ್ನ ಹೆಂಡತಿಯೂ ರೊಟ್ಟಿಯ ದುಡಿಮೆಯಲ್ಲಿ ಸೀಟು ಹಿಡಿದು ಬರುತ್ತಾಳೆ. ಆ ಆಯಿ ಈಗ ಪ್ರವಾಸಕ್ಕೆ ಬರುವುದಿಲ್ಲ, ಕಣ್ಣು ಮಂಜಾಗಿದೆ. ಹೊರಡುವ ಮುಂಚೆ ಅವಳ ಮನೆಗೆ ಹೋಗಿ ಬರುತ್ತೇನೆ. ಬಂದ ಮೇಲೂ ಹೋಗಿ, ನೋಡಿದ್ದನ್ನು ಹೇಳಲು ಬಂದಷ್ಟು ಹೇಳುತ್ತೇನೆ.

ಇವತ್ತಿಗೆ ನನ್ನ ಹತ್ತಿರ ಇರುವುದು: ದೊಡ್ಡ ಭಟ್ಟಿ ಎರಡು, ಡಬರಿ ನಾಲ್ಕು, ರೊಟ್ಟಿ ಟ್ರಂಕು ಒಂದು, ಕಾಲುಚೀಲ ಒಂದು ಜೊತೆ. ಹೆಂಡತಿಯ ಜೊತೆ ನಿಂತು ಕಣ್ಣಾರೆ ಕಂಡ ಸ್ಥಳ ಆರು.