ಮರದ ಮೇಲಿನ ಒಣ ಸೀಟು

ಮೊನ್ನೆ ಹಿತ್ತಲ ಕುರ್ಚಿಯ ದಿಂಬುಗಳನ್ನು ಹೊರಗೇ ಬಿಟ್ಟು ಮಲಗಿಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಮಳೆಗೆ ತೊಯ್ದು ತೊಪ್ಪೆಯಾಗಿದ್ದವು. ಹಿಂಡಿ, ಕೋಣೆ ಬೆಚ್ಚಗಿಡುವ ರೇಡಿಯೇಟರ್ ಮೇಲೆ ಹಾಕಿದೆ. ಸ್ವಲ್ಪ ಹೊತ್ತಿಗೆ ನೆನೆದ ಸ್ಪಂಜಿನ ಮುಗ್ಗಲು ವಾಸನೆ ಮನೆಯೆಲ್ಲ ತುಂಬಿತು ನೋಡಿ, ಪಕ್ಕದ ಮನೆಯ ಅಂಕಲ್ ಕಣ್ಣ ಮುಂದೆ ಬಂದು ನಿಂತೇಬಿಟ್ಟರು...

ಇಲ್ಲಿ ಪರದೇಶದ ಪಿನ್ನರ್‌ನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರು ಉಡುಪಿ ಕಡೆಯ ಕ್ಯಾಥೊಲಿಕ್ಕರು. ಮನೆಯಲ್ಲಿ ಕೊಂಕಣಿ, ನನ್ನ ಜೊತೆ ಕನ್ನಡ. ನಾನು ಧಾರವಾಡದ ಲಿಂಗಾಯತರ ಮನೆಯವಳು, ಮೊಟ್ಟೆಯನ್ನೂ ಮುಟ್ಟಿದವಳಲ್ಲ. ಅಂಕಲ್‌ಗೋ ಬೇಟೆಯ ಹುಚ್ಚು. ಸ್ಟ್ಯಾನ್ಮೋರ್ ಆಚೆ ರೈತನೊಬ್ಬನ ಸ್ವಂತ ಕಾಡಿತ್ತು. ನಾಯಿಯಷ್ಟೆತ್ತರದ ಸಣ್ಣ ಜಿಂಕೆಗಳು ಅಲ್ಲಿ ಎಳೆ ಗಿಡಗಳನ್ನು ಉಳಿಯಗೊಡುತ್ತಿರಲಿಲ್ಲ. ಅವನ್ನು ಹೊಡೆಯಲು ರೈತನೇ ಇವರಿಗೆ ಅನುಮತಿ ಕೊಟ್ಟಿದ್ದ. ಲೈಸೆನ್ಸು, ಬಂದೂಕು ಎಲ್ಲ ಕಾನೂನಿನ ಪ್ರಕಾರವೇ. ಓಕ್ ಮರಕ್ಕೆ ಬಿಗಿದು ಕಟ್ಟಿದ ಏಣಿ, ಏಣಿಯ ತುದಿಯಲ್ಲಿ ಕೂರಲು ಒಂದು ಸೀಟು. ಬೆಳ್ಳಂಬೆಳಿಗ್ಗೆ ಹತ್ತಿ ಕೂತರೆ ಮಿಸುಕಾಡುವಂತಿಲ್ಲ.

ಅವರ ಹೆಂಡತಿ, ನಮ್ಮ ಆಂಟಿ, ತೀರಿಕೊಂಡ ಮೇಲೆ ಗೋಡೆಯಾಚೆಯಿಂದ ಹಗಲೆಲ್ಲ ಟಿವಿಯ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ಕಾಡಿಗೆ ಹೋಗಿ ಬಂದ ದಿನ ಮಾತ್ರ ಮನುಷ್ಯನ ಮುಖದಲ್ಲಿ ಕಳೆ ಇರುತ್ತಿತ್ತು. “ಮೇಲೆ ಕೂತರೆ ಹೇಗಿದ್ದೀರಿ ಅಂತ ಯಾರೂ ಕೇಳುವುದಿಲ್ಲ ಮಾರಾಯ್ತಿ, ಅದೇ ಒಂದು ಸುಖ” ಅನ್ನುತ್ತಿದ್ದರು. ಒಂದು ಚಳಿಗಾಲ ಆ ಸುಖವೇ ಮೈಮೇಲೆ ಬಂತು. ನೆನೆದ ಸ್ಪಂಜಿನ ಸೀಟಿನ ಮೇಲೆ ಕೂತೂ ಕೂತೂ ನ್ಯುಮೋನಿಯಾ ಹಚ್ಚಿಕೊಂಡು ಆಸ್ಪತ್ರೆ ಸೇರಿದರು.

ಅವರ ಮಗಳು ಈಸ್ಟ್ ಹ್ಯಾಮ್‌ನಲ್ಲಿದ್ದಳು. ಭಾನುವಾರ ಚರ್ಚು ಮುಗಿಸಿ ಟ್ಯೂಬ್ ರೈಲು ಹಿಡಿದು ಅಪ್ಪನ ಮನೆಗೆ ಬರುವವಳು. ಒಳ್ಳೆಯ ಹುಡುಗಿ, ಆದರೆ ಹಟ ಅಪ್ಪನದ್ದೇ. ಆಸ್ಪತ್ರೆಯಿಂದ ಬಂದವರನ್ನು ತಾಯಿಯ ಫೋಟೋ ಮುಂದೆ ನಿಲ್ಲಿಸಿ ಮಾತು ತೆಗೆದುಕೊಂಡಳು: ಒಬ್ಬರೇ ಕಾಡಿಗೆ ಹೋಗಕೂಡದು, ಇನ್ನೊಮ್ಮೆ ಒದ್ದೆ ಪ್ಯಾಂಟಿನಲ್ಲಿ ಮನೆಗೆ ಬಂದರೆ ಅಲ್ಲಿಗೆ ಬೇಟೆ ಬಂದ್, ಬಂದೂಕು ವಾಪಸ್. ಅಂಕಲ್ ತಲೆ ತಗ್ಗಿಸಿ ಹೂಂ ಅಂದರು. ನಾನೂ ಅಲ್ಲೇ ಇದ್ದೆ.

“ಕರ್ಕೊಂಡ್ ಹೋಗೂದು ನಾನು. ಸೀಟು ಒಣಾ ಇಡೂದೂ ನಂದ ಜವಾಬ್ದಾರಿ. ನೀ ನಿಶ್ಚಿಂತಿ ಇರವಾ” ಅಂದುಬಿಟ್ಟೆ.

ಕೊಲ್ಲುವುದು ನನಗೆ ಇಷ್ಟವಿರಲಿಲ್ಲ, ಇವತ್ತಿಗೂ ಇಲ್ಲ. ಆದರೆ ಗೋಡೆಯಾಚೆ ಒಬ್ಬ ಮನುಷ್ಯ ಹಾಗೇ ಬಾಡಿಹೋಗುವುದನ್ನು ನೋಡುತ್ತಾ ಕೂರುವ ಜಾಯಮಾನವೂ ನನ್ನದಲ್ಲ. ಹೊಡೆದದ್ದನ್ನು ರೈತನೇ ಒಯ್ಯಬೇಕು, ನನ್ನ ಕಾರಿನೊಳಗೆ ತರಕೂಡದು ಎಂದು ಷರತ್ತು ಹಾಕಿದೆ. “ಆಯ್ತು ಸ್ವಾಮೀಜಿ” ಎಂದು ಕೈ ಮುಗಿದರು.

ಇನ್ನು ಸೀಟಿನ ವಿಷಯ. ನಮ್ಮ ಜನಕ್ಕೆ ಯಾವುದನ್ನಾದರೂ ಜೋಪಾನ ಮಾಡುವುದೆಂದರೆ ಒಂದೇ ದಾರಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತುವುದು. ನಮ್ಮ ಮನೆಯ ರಿಮೋಟಿಗೆ ಪ್ಲಾಸ್ಟಿಕ್ಕು, ಸೂಟ್‌ಕೇಸಿಗೆ ಪ್ಲಾಸ್ಟಿಕ್ಕು, ಹೊಸ ಕಾರಿನ ಸೀಟಿಗೆ ಕಂಪನಿಯವರು ಹಾಕಿದ ಪ್ಲಾಸ್ಟಿಕ್ಕನ್ನು ವರ್ಷ ಕಳೆದರೂ ನಾನು ತೆಗೆದಿರಲಿಲ್ಲ. ಅಂಕಲ್‌ರ ಸ್ಪಂಜಿನ ಸೀಟನ್ನೂ ಬಾಣಂತಿಯ ಕೂಸಿನಂತೆ ಸುತ್ತಿ, ಟೇಪು ಹಚ್ಚಿ ಕೊಟ್ಟೆ. ನೀರಿನ ಹನಿಯೂ ಒಳಗೆ ಹೋಗುವುದಿಲ್ಲವೆಂದು ಎದೆ ತಟ್ಟಿ ಹೇಳಿದ್ದೆ.

ಮುಂದಿನ ಸಲ ಅಂಕಲ್ ಮರದಿಂದ ಇಳಿದು ಬಂದವರೇ ಕಾರಿನ ಬಾಗಿಲು ಹಿಡಿದು ನಗತೊಡಗಿದರು.

“ಎಂತ ಸಾವು ಮಾರಾಯ್ತಿ! ಸ್ವಲ್ಪ ಅಲ್ಲಾಡಿದರೆ ಚರ್ ಚರ್ ಅಂತದೆ. ಜಿಂಕೆ ಬಿಡು, ಅಳಿಲೂ ಓಡಿಹೋಯಿತು. ಒಳಗೆ ನೋಡಿದರೆ ಬೆವರು ಕಟ್ಟಿ ಸ್ಪಂಜು ಮೊದಲಿಗಿಂತ ಒದ್ದೆ ಉಂಟು!”

ನಾನೂ ನಕ್ಕೆ. ನಗುತ್ತಲೇ ಕೇಳಿದೆ, ಒದ್ದೆಯಾದರೆ ಅಷ್ಟೇನು ತೊಂದರೆ, ಚಳಿ ಒಂದೇ ತಾನೇ? ಅವರ ನಗು ನಿಂತಿತು. ಅಂಡು ಒದ್ದೆಯಾದವನು ನೆಟ್ಟಗೆ ಕೂರುವುದಿಲ್ಲ, ಮಿಸುಕುತ್ತಾನೆ, ಅವಸರ ಮಾಡುತ್ತಾನೆ, ಗುಂಡು ಇನ್ನೆಲ್ಲೋ ತಾಗಿ ಪಾಪದ ಪ್ರಾಣಿ ನರಳುತ್ತಾ ಓಡುತ್ತದೆ ಎಂದರು. ಅಂಥದ್ದು ಒಂದು ಸಲವೂ ತನ್ನ ಕೈಯಿಂದ ಆಗಬಾರದಂತೆ. ಆವತ್ತಿನಿಂದ ಆ ಸೀಟು ನನಗೆ ಬರೀ ಪ್ಯಾಂಟಿನ ಪ್ರಶ್ನೆಯಾಗಿ ಉಳಿಯಲಿಲ್ಲ.

ನಾನು ಆಗ ಶಾಲೆಯೊಂದರ ಊಟದ ಹಾಲ್‌ನಲ್ಲಿ ಕೆಲಸಕ್ಕಿದ್ದೆ. ಮಕ್ಕಳ ಊಟವಾದ ಮೇಲೆ ಬೆಂಚುಗಳನ್ನೆಲ್ಲ ಗೋಡೆಗೆ ಮಡಚಿ ನಿಲ್ಲಿಸುವುದು ದಿನದ ಕೆಲಸ. ಒಂದು ದಿನ ಹಾಗೆ ಮಡಚುತ್ತಿರುವಾಗಲೇ ಹೊಳೆಯಿತು: ಆ ಸೀಟು ಆಕಾಶಕ್ಕೆ ಮುಖ ಮಾಡಿಕೊಂಡು ಯಾಕೆ ಬಿದ್ದಿರಬೇಕು? ಅಂಕಲ್ ಕೈಲಿ ಅಡ್ಡಪಟ್ಟಿಗಳ ಸೀಟು ಮಾಡಿಸಿದೆ, ನೀರು ನಿಲ್ಲದಂತೆ ಪಟ್ಟಿಗಳ ನಡುವೆ ಸಂದು ಬಿಡಿಸಿದೆ. ಹಿಂದೆ ಬಿಜಾಗರಿ ಹಾಕಿಸಿ, ಎದ್ದು ಬರುವಾಗ ಸೀಟನ್ನು ಮೇಲೆತ್ತಿ ಮರಕ್ಕೆ ಒರಗಿಸಿ ಕೊಂಡಿ ಸಿಕ್ಕಿಸುವಂತೆ ಮಾಡಿಸಿದೆ. ಕೂರುವ ಮೈ ಮರದ ಕಡೆಗೆ, ಬೆನ್ನು ಮಳೆಗೆ. ಸ್ಪಂಜನ್ನು ಕಸಕ್ಕೆ ಎಸೆದು ನನ್ನ ಹಳೆಯ ಯೋಗಾ ಮ್ಯಾಟ್ ಕತ್ತರಿಸಿ ಕೊಟ್ಟೆ. ಅದು ನೀರು ಕುಡಿಯುವುದಿಲ್ಲ. ಅದನ್ನೂ ಮರದ ಮೇಲೆ ಬಿಡುವಂತಿಲ್ಲ, ಚೀಲದಲ್ಲಿ ಹಾಕಿಕೊಂಡು ಹೋಗಿ ಚೀಲದಲ್ಲೇ ತರಬೇಕು.

ರಾತ್ರಿಯಿಡೀ ಮಳೆ ಹೊಡೆದ ಮರುದಿನ ಹೋಗಿ ನೋಡಿದೆವು. ಅಂಕಲ್ ಮೇಲೆ ಹತ್ತಿ, ಸೀಟು ಇಳಿಸಿ, ಟಿಶ್ಯೂ ಒತ್ತಿ, ಅಲ್ಲಿಂದಲೇ ಆಡಿಸಿ ತೋರಿಸಿದರು. ಒಣಗಿದ್ದು ಒಣಗಿದ ಹಾಗೇ ಇತ್ತು. ನನಗೆ ಏನೋ ಗೆದ್ದಷ್ಟು ಹಿಗ್ಗು. ಆಮೇಲೆ ಎಷ್ಟು ಮಳೆ ಬಿದ್ದರೂ ಅವರು ಒಣಗಿದ ಪ್ಯಾಂಟಿನಲ್ಲೇ ಇಳಿದು ಬಂದರು. ನಾನು ಕಾರಿನಲ್ಲಿ ಫ್ಲಾಸ್ಕಿನ ಚಹಾ ಹಿಡಿದು ಕಾಯುತ್ತಿದ್ದೆ, ಮಗಳು ಭಾನುವಾರ ಬಂದು ಪರೀಕ್ಷೆ ಮಾಡಿ ಸುಮ್ಮನಾಗುತ್ತಿದ್ದಳು. ಚೆನ್ನಾಗಿಯೇ ನಡೆದಿತ್ತು...

ಆ ಭಾನುವಾರ ಮಳೆಯಿರಲಿಲ್ಲ. ಅದರ ಹಿಂದಿನ ದಿನಗಳಲ್ಲೂ ಇರಲಿಲ್ಲ, ಕಾಡಿನ ದಾರಿ ಒಣಗಿ ಬೆಳ್ಳಗಾಗಿತ್ತು. ಅಂಕಲ್ ತಡವಾಗಿ ಬಂದರು. ಬಾಗಿಲು ತೆಗೆದರೂ ಕಾರು ಹತ್ತಲಿಲ್ಲ, ಚೀಲವನ್ನು ಮುಂದೆ ಹಿಡಿದುಕೊಂಡು ನಿಂತೇ ಇದ್ದರು. ಪ್ಯಾಂಟು ಒದ್ದೆಯಾಗಿತ್ತು.

“ಸೀಟು ಒದ್ದೆ ಇತ್ತು ಮಾರಾಯ್ತಿ” ಎಂದರು, ನನ್ನ ಮುಖ ನೋಡದೆ.

ಸೀಟು ಒದ್ದೆಯಿರಲು ಸಾಧ್ಯವೇ ಇರಲಿಲ್ಲ. ವಾಸನೆಯೂ ಮಳೆನೀರಿನದಲ್ಲ. ವಯಸ್ಸಾದ ಮೈ ಮರದ ಮೇಲೆ ಅವರಿಗೆ ಕೈಕೊಟ್ಟಿತ್ತು. ನನಗೆ ಅರ್ಥವಾಯಿತೆಂದು ಅವರಿಗೂ ಅರ್ಥವಾಯಿತು.

“ಹೌದ್ರಿ ಅಂಕಲ್, ಆ ಕೊಂಡಿ ಯಾಕೋ ಸರಿ ಕುಂದರತಿದ್ದಿಲ್ಲ” ಎಂದೆ. “ಬರ್ರಿ, ಕುಂದರ್ರಿ, ಪ್ಲಾಸ್ಟಿಕ್ ಐತಿ, ಏನೂ ಆಗೂದಿಲ್ಲ.”

ಮನೆ ಹತ್ತಿರ ಬಂದಾಗ, “ಅವಳಿಗೆ ಸೀಟು ಅಂತಲೇ ಹೇಳು” ಎಂದರು. ಸೀಟು ಒದ್ದೆ ಅಂದರೆ, ಮಗಳಿಗೆ ಕೊಟ್ಟ ಮಾತಿನಂತೆ ಬೇಟೆ ಮುಗಿಯಿತು ಎಂದರ್ಥ. ಅದು ಅವರಿಗೂ ಗೊತ್ತು, ನನಗೂ ಗೊತ್ತು. “ಹೇಳ್ತೀನಿ, ಆದರ ನಾಳೆ ನನ್ನ ಜೋಡಿ ಜಿಪಿ ಡಾಕ್ಟ್ರ ಹತ್ರ ಬರಬೇಕು. ಒಲ್ಲೆ ಅಂದ್ರ ಈಗ ಹೇಳೂದ ಬ್ಯಾರೆ” ಎಂದು ಗದರಿದೆ. ತಲೆಯಾಡಿಸಿದರು.

ಮಗಳು ಬಾಗಿಲಲ್ಲೇ ಇದ್ದಳು. ಅಪ್ಪನ ಪ್ಯಾಂಟು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನನ್ನ ಕೆಲಸದಲ್ಲಿ ಹುಳುಕು ತೆಗೆದರೆ ಗಂಡನನ್ನೂ ಬಿಡದವಳು ನಾನು. ಅಂಥವಳು ಆವತ್ತು ಹೊಸಿಲಲ್ಲಿ ನಿಂತು, ಸೀಟು ನಾನೇ ಸರಿಯಾಗಿ ಮಾಡಿಸಿರಲಿಲ್ಲ, ಹಿಂದಿನ ಮಳೆಯ ನೀರು ನಿಂತುಬಿಟ್ಟಿತ್ತು ಎಂದೆ. ಅವಳು ನನ್ನನ್ನು ಬೈಯಲೂ ಇಲ್ಲ, ಮಾತಾಡಿಸಲೂ ಇಲ್ಲ. ಆ ವಾರವೇ ಬಂದೂಕು ಮನೆಯಿಂದ ಹೋಯಿತು.

ಜಿಪಿ ಮಾತ್ರೆ ಕೊಟ್ಟರು, ತಕ್ಕಮಟ್ಟಿಗೆ ಗುಣವೂ ಆಯಿತು. ಆದರೆ ಅಂಕಲ್ ಮತ್ತೆ ಕಾಡಿನ ಮಾತೆತ್ತಲಿಲ್ಲ. ಮಾತು ಕೊಟ್ಟಾಗಿತ್ತಲ್ಲ. ಬೇಲಿಯ ಪಕ್ಕ ನಿಂತು ನನ್ನ ಮೆಂತ್ಯದ ಮಡಿಯನ್ನು ನೋಡುತ್ತಿದ್ದರು. ಒಂದು ಬೆಳಿಗ್ಗೆ ನಿದ್ದೆಯಿಂದ ಏಳಲಿಲ್ಲ...

ಆಮೇಲೆ ಆ ಮನೆಯಲ್ಲಿ ಬಾಡಿಗೆಯವರು ಬಂದರು, ಹೋದರು. ಈಗ ಮಗಳು ಮನೆ ಮಾರಿದ್ದಾಳೆ. ಹೋದ ಶನಿವಾರ ಕೊನೆಯ ಸಾಮಾನು ಒಯ್ಯಲು ಬಂದವಳು ನಮ್ಮ ಬಾಗಿಲಿಗೂ ಬಂದಳು.

“ಆಂಟಿ, ಆ ಸೀಟ್ ಡ್ರೈ ಇದ್ದಿದ್ರೆ ಡ್ಯಾಡ್ ಇನ್ನೊಂದು ವಿಂಟರ್ ಹೋಗ್ತಿದ್ರು ಅಲ್ವಾ?” ಎಂದಳು.

“ಹೌದವಾ, ಹೋಗ್ತಿದ್ರು.”

ಅವಳು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು. “ಇಟ್ಸ್ ಓಕೆ ಆಂಟಿ. ನಾನು ನಿಮ್ಮನ್ನ ಯಾವಾಗ್ಲೋ ಫರ್ಗಿವ್ ಮಾಡಿದ್ದೀನಿ.”

ಥ್ಯಾಂಕ್ಸ್ ಅಂದೆ. ಅವಳ ಕಾರು ತಿರುವು ದಾಟುವವರೆಗೂ ಕೈ ಬೀಸಿದೆ. ಒಳಗೆ ಬಂದು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ, ಅಂಕಲ್ ಹೋದ ದಿನವೂ ಅಷ್ಟು ಅತ್ತಿರಲಿಲ್ಲ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಆ ಧೈರ್ಯದ ಮೇಲೆಯೇ ಇಷ್ಟೆಲ್ಲ ಬರೆದಿದ್ದೇನೆ.