ಕುಡಿಯುವ ಹಾಲು, ಮರದ ಆಲ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಮಾತುಗಳು ಕಿವಿಯಲ್ಲಿ ಹಾಗೇ ಇವೆ. ಆದರೆ ಅದು ಯಾವ ತಿಂಗಳು, ಕಂಪ್ಯೂಟರ್ ಮುಂದೆ ನಾನು ಕೂತಿದ್ದೆನೋ ನಿಂತಿದ್ದೆನೋ ಎಂದು ಯಾರಾದರೂ ಒತ್ತಿ ಕೇಳಿದರೆ ಹಿಂಜರಿಯುತ್ತೇನೆ.

ಕೋವಿಡ್ ಗಲಾಟೆ ಮುಗಿದು ಒಂದೆರಡು ವರ್ಷವಾಗಿತ್ತು. ನಂಜನಗೂಡಿನಲ್ಲೂ ಟಿ. ನರಸೀಪುರದಲ್ಲೂ ಒಂದೊಂದು ಶಾಖೆಯಿದ್ದ ಸಣ್ಣ ಧರ್ಮಾಸ್ಪತ್ರೆಯಲ್ಲಿ ನಾನು ಡೇಟಾ ಅನಲಿಸ್ಟ್. ಎರಡು ಕಡೆಯ ರೋಗಿಗಳ ಫೈಲುಗಳನ್ನು ಒಂದು ಮಾಡುವುದು ನನ್ನ ಕೆಲಸ. ನಂಜನಗೂಡಿನ ಹಳೆಯ ಫೈಲುಗಳಲ್ಲಿ ಹೆಸರು, ಊರು, ಅಂದಾಜು ವಯಸ್ಸು ಇಷ್ಟೇ ಇರುತ್ತಿತ್ತು. ಹೆಸರು ಅಕ್ಷರಶಃ ಒಂದೇ ಆಗಿದ್ದರೆ ಪ್ರೋಗ್ರಾಂ ಕೇಳದೆ ಸೇರಿಸಿಬಿಡುತ್ತಿತ್ತು. ಉಳಿದವಕ್ಕೆ ಮೂರು ವಿಧಾನಗಳನ್ನು ಹೋಲಿಸುತ್ತಿದ್ದೆ.

ಮೊದಲನೆಯದು ಎಡಿಟ್ ಡಿಸ್ಟೆನ್ಸ್: ಒಂದು ಹೆಸರನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ತಿದ್ದಬೇಕೆಂಬ ಲೆಕ್ಕ. ಕಂಪ್ಯೂಟರಿಗೆ ‘ಹಾ’ ಎಂದರೆ ಹಕಾರ ಒಂದು, ದೀರ್ಘದ ಗುರುತು ಇನ್ನೊಂದು. ಹೀಗಾಗಿ ಅದರ ಪ್ರಕಾರ ಹಾಲಮ್ಮನಿಗೆ ಆಲಮ್ಮನಿಗಿಂತ ಬಾಲಮ್ಮನೇ ಹತ್ತಿರದವಳು. ಎರಡನೆಯದು ಸೌಂಡೆಕ್ಸ್: ಇಂಗ್ಲಿಷ್ ಕಾಗುಣಿತದ ಮೊದಲ ಅಕ್ಷರವನ್ನು ಉಳಿಸಿಕೊಂಡು ಮಿಕ್ಕದ್ದನ್ನು ಅಂಕಿಗಳಾಗಿಸುತ್ತದೆ. ನಮ್ಮ ಕಡೆ ಬಾಯಲ್ಲಿ ಬಿದ್ದುಹೋಗುವುದೇ ಆ ಮೊದಲ ಹಕಾರ. ಮೂರನೆಯದು ನಾನೇ ಕಟ್ಟಿದ್ದು. ಅದು ಹಕಾರವನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಆ ದಿನ ನರಸೀಪುರ ಶಾಖೆಗೆ ಸೋಸಲೆಯಿಂದ ಹಾಲಮ್ಮ ಬಂದರು. ಕಾಲಿನ ಗಾಯ ಕೀವಾಗಿತ್ತು. ಜೊತೆಯಲ್ಲಿ ಅವರ ವಾರಗಿತ್ತಿ. ಡಾಕ್ಟರು ಪೆನಿಸಿಲಿನ್ ಇಂಜೆಕ್ಷನ್ ಬರೆದರು. ಔಷಧಿ ಯಾವುದಾದರೂ ಮೈಗೆ ಆಗುವುದಿಲ್ಲವೇ ಎಂದು ಸಿಸ್ಟರ್ ಕೇಳಿದರೆ, “ಔಸ್ತಿ ಎಲ್ಲಾ ಆಯ್ತದೆ ಕಣವ್ವ, ಕಹಿ ಒಂದೇಯ” ಎಂದರು. ಅವರ ಫೈಲಿನಲ್ಲೂ ಏನೂ ಇರಲಿಲ್ಲ.

ನನ್ನ ಪರದೆಯಲ್ಲಿ ಮೂರನೆಯ ವಿಧಾನ ಮಾತ್ರ ಒಂದು ಸಾಲು ತೋರಿಸುತ್ತಿತ್ತು: ಆಲಮ್ಮ, ಸೋಸಲೆ, ನಂಜನಗೂಡು ಶಾಖೆ, ಪೆನಿಸಿಲಿನ್ ಆಗುವುದಿಲ್ಲ. ಸಿಸ್ಟರಿಗೆ ಹೇಳಿದೆ.

“ಅದು ಇವರ ವಾರಗಿತ್ತಿ ಫೈಲು ಮೇಡಂ. ಅವರ ಹೆಸರೇ ಆಲಮ್ಮ. ಆಗಲೇ ನೂರಕ್ಕೆ ನೂರು ಅಂತ ನಿಮ್ಮ ಕಂಪ್ಯೂಟರೇ ಸೇರಿಸಿದೆ” ಎಂದರು ಸಿಸ್ಟರ್, ಸಿರಿಂಜಿನ ಕವರ್ ಹರಿಯುತ್ತಾ.

ನಾನು ಸರಿ ಎಂದು ಸುಮ್ಮನಾಗುವುದರಲ್ಲಿದ್ದೆ. ಕೊನೆಗೆ, ಯಾಕೆ ಕೇಳಿದೆನೋ, ಹಾಲಮ್ಮನ ಕಡೆ ತಿರುಗಿ “ನಿಮ್ಮ ಹೆಸರೇನಮ್ಮ?” ಎಂದೆ.

“ಆಲಮ್ಮ.”

“ಅದು ಅವರ ಹೆಸರಲ್ಲವಾ?”

“ಅವ್ಳು ಆಲಮ್ಮ. ನಾನು ಆಲಮ್ಮ ಅಲ್ಲ ಕಣವ್ವ, ಆಲಮ್ಮ.”

ವಾರಗಿತ್ತಿಗೆ ನಗು ತಡೆಯಲಾಗಲಿಲ್ಲ. “ಅವ್ಳು ಕುಡಿಯೋ ಆಲು, ನಾನು ಮರದ ಆಲ. ಇಬ್ರುನ್ನೂ ಒಂದೇ ಮನೆಗೆ ತಂದು ಆಕವ್ರೆ.”

ಸಿರಿಂಜು ಟ್ರೇಗೆ ವಾಪಸ್ಸು ಹೋಯಿತು. ನಂಜನಗೂಡಿನಲ್ಲಿ ಸೂಜಿ ಚುಚ್ಚಿಸಿಕೊಂಡು ಮೈ ಕೆಟ್ಟದ್ದು ನಿಮ್ಮಿಬ್ಬರಲ್ಲಿ ಯಾರಿಗೆ ಎಂದು ಕೇಳಿದೆ.

“ನಂಗೇಯ” ಎಂದರು ಹಾಲಮ್ಮ. “ಮಕ ಊದ್ಕಂಡು ಕುಂಬ್ಳುಕಾಯಾಗಿತ್ತು. ಇವ್ಳು ನೋಡಿ ನಕ್ಕಿದ್ದ ಇನ್ನೂ ಮರ್ತಿಲ್ಲ ನಾನು.”

“ನಗ್ದೆ ಏನ್ ಮಾಡ್ಲಿ? ಕಣ್ಣು ಎಲ್ಲವ್ವೆ ಅಂತ ಉಡುಕ್ಬೇಕಾಗಿತ್ತು.”

“ಅಲ್ಲಮ್ಮ, ಆಗಲೇ ಕೇಳಿದಾಗ ಯಾಕೆ ಹೇಳಲಿಲ್ಲ?” ಎಂದರು ಸಿಸ್ಟರ್.

“ನೀ ಔಸ್ತಿ ಕೇಳ್ದೆ. ಸೂಜಿ ಎಲ್ಲಿ ಕೇಳ್ದೆ?”

ಡಾಕ್ಟರು ಬೇರೆ ಔಷಧಿ ಬರೆದುಕೊಟ್ಟರು. ಗಾಯ ವಾಸಿಯಾಗಿ ಹಾಲಮ್ಮ ಇನ್ನೊಮ್ಮೆ ಬಂದಾಗ ಸಿಸ್ಟರ್ ಹೆಸರು ಕೇಳುವ ಮೊದಲೇ ತಾವಾಗಿ “ಕುಡಿಯೋದು” ಎಂದರು.

ನನ್ನ ವಿಧಾನ ಗೆದ್ದಿತೆಂದು ಹೇಳಿಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಅದು ಎರಡು ಹೆಸರನ್ನು ಅಕ್ಕಪಕ್ಕ ತಂದು ನಿಲ್ಲಿಸಿತು, ಅಷ್ಟೆ. ಅದನ್ನೇ ಪೂರ್ತಿ ನಂಬಿದ್ದರೆ ವಾರಗಿತ್ತಿಯರಿಬ್ಬರೂ ಒಬ್ಬಳೇ ಆಗಿಬಿಡುತ್ತಿದ್ದರು. ಮೂರು ವಿಧಾನಗಳ ತಪ್ಪು ಹುಡುಕುತ್ತಾ ತಿಂಗಳುಗಟ್ಟಲೆ ಕೂತಿದ್ದ ನನಗೆ, ಒಂದಕ್ಷರವೂ ವ್ಯತ್ಯಾಸವಿಲ್ಲದ ಹೊಂದಿಕೆಯೇ ತಪ್ಪಿರಬಹುದೆಂದು ಹೊಳೆದಿರಲಿಲ್ಲ. ನಂಜನಗೂಡಿನ ಫೈಲಿನಲ್ಲಿದ್ದದ್ದು ಹಾಲಮ್ಮನ ಹೆಸರಲ್ಲ, ಹಾಲಮ್ಮನ ಬಾಯಿಂದ ಗುಮಾಸ್ತರು ಕೇಳಿಸಿಕೊಂಡದ್ದು. ಆಮೇಲೆ ನಮ್ಮ ಪ್ರೋಗ್ರಾಂ ಯಾರನ್ನೂ ತಾನಾಗಿ ಸೇರಿಸಲಿಲ್ಲ; “ಇವರೇ ಇರಬಹುದು, ಕೇಳಿ” ಎಂದಷ್ಟೇ ತೋರಿಸುತ್ತಿತ್ತು.

ಈಚೆಗೆ ತಾಂಡವಪುರದಲ್ಲಿರುವ ಸೋದರತ್ತೆಗೆ ಈ ಕಥೆ ಹೇಳಿದೆ. ಅವರೂ ನಕ್ಕರು. ಆಗ, ತೀರಿಕೊಂಡ ನನ್ನ ಅಜ್ಜಿಯ ಮಾತು ಬಂತು. ಮನೆ ಪತ್ರದಲ್ಲಿ ಅವರು ಈರಮ್ಮ, ಸಮಾಧಿಯ ಕಲ್ಲಿನ ಮೇಲೆ ಹೀರಮ್ಮ. ಮನೆಯಲ್ಲಿ ಅವರು ಎಲ್ಲರಿಗೂ ಅವ್ವ, ಬೀದಿಯಲ್ಲಿ ದೊಡ್ಡವ್ವ. ನಾನು ಕೇಳಿದ ಒಂದು ಪ್ರಶ್ನೆಗೆ, ಅವರೆಕಾಯಿ ಬಿಡಿಸುತ್ತಿದ್ದ ಅತ್ತೆಯ ಕೈ ನಿಂತಿತು. ಫೋನಿನಲ್ಲಿ ಆಮೇಲೂ ಎರಡು ಸಲ ಅದನ್ನೇ ಕೇಳಿದ್ದೇನೆ. ಇನ್ನೂ ಯೋಚನೆ ಮಾಡುತ್ತಿದ್ದಾರೆ.

“ಅತ್ತೆ, ಅಜ್ಜಿ ತನ್ನ ಹೆಸರನ್ನ ತಾನೇ ಹೇಳಿದ್ದು ನೀವು ಯಾವತ್ತಾದರೂ ಕೇಳಿದ್ದೀರಾ?”